ನವಣೆಗೆ ಕಲ್ಲು ಬೆರೆಸಿದ ನಮ್ಮತ್ತೆ

ಕಾಳು ಹಸನು ಮಾಡುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರು ಕುಷ್ಟಗಿಯ ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಆಕೆ ಮೊರ ಹಿಡಿದು ಕಟ್ಟೆಯ ಮೇಲೆ ಕುಳಿತಳೆಂದರೆ ಆಚೀಚೆ ಮನೆಯ ಹೆಂಗಸರು ತಮ್ಮ ಮೊರ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ಮದುವೆ, ಸೀಮಂತ, ಏನಿದ್ದರೂ ಕಾಳು ಆರಿಸುವುದಕ್ಕೆ ಮೊದಲ ಕರೆ ಆಕೆಗೇ. ನಮ್ಮ ಮನೆಯ ಊಟದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಿತೆಂದು ಒಬ್ಬರೂ ಹೇಳಿದ್ದಿಲ್ಲ. ಅಂಥಾಕೆ ಒಂದು ಬೇಸಿಗೆಯಲ್ಲಿ ನವಣೆಗೆ ತನ್ನ ಕೈಯಾರೆ ಹಳ್ಳದ ಮರಳು ಬೆರೆಸಿದಳು. ನಾನದನ್ನು ಕಣ್ಣಾರೆ ಕಂಡವಳು.

ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಮಾಘದಲ್ಲಿ ಒಂದೇ ಹಂದರದಡಿ ಎರಡು ಮದುವೆಯಾದವು. ಗಂಗಾವತಿಯ ಹೊಳೆದಂಡೆಯಿಂದ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಈ ಮನೆಯ ಮಗಳು, ನನ್ನ ನಾದಿನಿ, ಯಲಬುರ್ಗಾಕ್ಕೆ ಸೊಸೆಯಾಗಿ ಹೋದಳು. ನಾನು ಹೊಸ್ತಿಲ ಒಳಗೆ ಕಾಲಿಟ್ಟ ವಾರದಲ್ಲೇ ಆಕೆ ಹೊರಗೆ ಕಾಲಿಟ್ಟಳು. ಇಬ್ಬರಿಗೂ ಒಂದೇ ವಯಸ್ಸು, ಇಬ್ಬರದೂ ಒಂದೇ ಅಳು.

ಹೋಗುವಾಗ ಆಕೆ ಅವ್ವನ ಕೊರಳಿಗಿಂತ ಹೆಚ್ಚು ಹೊತ್ತು ಒಂದು ಪಂಜರವನ್ನು ತಬ್ಬಿಕೊಂಡು ಅತ್ತಳು. ಪಡಸಾಲೆಯ ಗೂಟಕ್ಕೆ ತೂಗುಹಾಕಿದ ಬಿದಿರಿನ ಪಂಜರ, ಅದರಲ್ಲಿ ನಾಲ್ಕು ಸಣ್ಣ ಹಕ್ಕಿ. ಹಿಂದಿನ ದಸರೆಗೆ ಮಾವನವರು ಕೊಪ್ಪಳದ ಬಜಾರದಲ್ಲಿ ಹೈದರಾಬಾದ್ ಕಡೆಯ ಹಕ್ಕಿ ಮಾರುವವನಿಂದ ತಂದುಕೊಟ್ಟವು. ಬಜಾರದವರು ಅವನ್ನು ಲಾಲ್ ಅನ್ನುತ್ತಿದ್ದರು, ನಮ್ಮ ಹೊಲದ ಮಂದಿಗೆ ಅವು ರಾಟವಾಳ. ಹೆಬ್ಬೆರಳಿಗಿಂತ ತುಸು ದೊಡ್ಡವು. ಎರಡು ಗಂಡು, ಎರಡು ಹೆಣ್ಣು. ಗಂಡಿನ ಮೈ ಕುಂಕುಮ ಕಲಸಿದಷ್ಟು ಕೆಂಪು, ಅದರ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ಹೊಸ ಸೊಸೆ ಪಂಜರ ಹಿಡಿದುಕೊಂಡು ಬಂದರೆ ಬೀಗರು ಏನಂದಾರು ಎಂದು ಎಲ್ಲರೂ ಬೇಡವೆಂದರು. ಆಗ ಅತ್ತೆ ಮಗಳ ಕಣ್ಣು ಒರಸಿ ಅಂದ ಮಾತು ನನಗೆ ನೆನಪಿದೆ.

"ನಾಗರ ಪಂಚಮಿಗೆ ಕರಿಯಾಕ ಕಳಸ್ತೀನಿ. ನೀ ಬಂದಾಗ ಹಿಂಗಽ ಕೆಂಪಗ ಇರ್ತಾವು. ಇದು ನಿಮ್ಮವ್ವನ ಮಾತು."

ನಮ್ಮ ಅತ್ತೆ ಮಾತು ಕೊಡುವುದೇ ಅಪರೂಪ. ಕೊಟ್ಟಮೇಲೆ ಮುಗಿಯಿತು, ಆಕೆಗೆ ನಿದ್ದೆಯಿಲ್ಲ, ನಮಗೂ ಇಲ್ಲ.

ನಾದಿನಿ ಇರುವಾಗ ಆ ಹಕ್ಕಿಗಳಿಗೆ ಅಂಥ ವಿಶೇಷದ ಊಟವೇನೂ ಇರಲಿಲ್ಲವಂತೆ. ಮಾವನವರದು ಕಾಳಿನ ಅಂಗಡಿ. ಸಂಜೆ ಅಂಗಡಿ ಗುಡಿಸಿದ ಕಸವನ್ನು ಒಂದು ಬೊಗಸೆ ತಂದು ಪಂಜರಕ್ಕೆ ಸುರಿದುಬಿಡುತ್ತಿದ್ದಳು. ಅದರಲ್ಲಿ ನವಣೆ, ಸಾವೆ, ಬರಗು, ಹುಲ್ಲಿನ ಬೀಜ, ಹೊಟ್ಟು, ಹರಳು, ಮಣ್ಣು ಎಲ್ಲ ಇರುತ್ತಿತ್ತು. ಮಗಳು ಹೋದ ಮರುದಿನ ಪಂಜರದೊಳಗೆ ಇಣುಕಿದ ಅತ್ತೆ ಎದೆ ಬಡಿದುಕೊಂಡಳು. ಇಂಥ ಮನೆಯ ಹಕ್ಕಿಗೆ ಕಸ ತಿನ್ನಿಸುವುದೇ, ಕಂಡವರು ನನಗೆ ಏನನ್ನಬೇಕು ಎಂದು ಪಂಜರ ತೊಳೆದಳು, ತಳ ತಿಕ್ಕಿದಳು, ಒಂದು ಹರಳೂ ಉಳಿಯದ ಹಾಗೆ ಒರೆಸಿದಳು. ಮೊರ ತೆಗೆದುಕೊಂಡು ನವಣೆ ಕೇರಿದಳು, ಒರಳಿಗೆ ಹಾಕಿ ಕುಟ್ಟಿ ಸಿಪ್ಪೆ ಬಿಡಿಸಿದಳು, ಮತ್ತೆ ಕೇರಿದಳು, ತೊಳೆದು ನೆರಳಲ್ಲಿ ಒಣಗಿಸಿದಳು. ಮುತ್ತಿನಂತೆ ಪೋಣಿಸಬಹುದಾದಂಥ ನವಣಕ್ಕಿ. ಅದನ್ನು ಹಿತ್ತಾಳೆ ಬಟ್ಟಲಲ್ಲಿ ತುಂಬಿ ಒಳಗಿಟ್ಟಳು. ದಿನಾ ಅದೇ, ಎರಡು ಹೊತ್ತೂ ಅದೇ.

ನನಗೆ ಮೂಗಿನ ತುದಿಗೇ ಸಿಟ್ಟು, ಆಗಲೂ ಹಾಗೇ, ಈಗಲೂ ಹಾಗೇ. ಹಕ್ಕಿಗೆ ನವಣಕ್ಕಿ, ಹೊಟ್ಟೆತುಂಬ ಅನ್ನ ಉಂಡು ಬೆಳೆದ ನನಗೆ ದಿನಾ ಜೋಳದ ರೊಟ್ಟಿ. ನಮ್ಮ ತವರಿನಲ್ಲಿ ಹೊಳೆಯ ಕಾಲುವೆ ನೀರುಂಡ ಗದ್ದೆಯಿತ್ತು, ಎರಡು ಹೊತ್ತೂ ಅನ್ನ. ಇಲ್ಲಿಯ ಖಡಕ್ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಮಿಕ್ಕಿದ್ದನ್ನು ಸೆರಗಿನಲ್ಲಿ ಮರೆಮಾಡಿ, ಹಿತ್ತಲಿಗೆ ಹೋಗಿ ಎಮ್ಮೆಯ ಬಾನಿಗೆ ಹಾಕುತ್ತಿದ್ದೆ. ಎಮ್ಮೆ ಮೈತುಂಬಿಕೊಂಡಿತು, ನಾನು ಸೊರಗಿದೆ. ಕೈಯ ಬಳೆ ಮೊಣಕೈವರೆಗೆ ಸರಿದಾಡುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೊಸ ಸೊಸೆ ಊಟದ ಮಾತೆತ್ತಿದರೆ ತವರಿನ ಮಾನ ಹೋಗುತ್ತದೆಂದು ನಮ್ಮವ್ವ ಹೇಳಿ ಕಳಿಸಿದ್ದಳು.

ಯುಗಾದಿ ದಾಟುವಷ್ಟರಲ್ಲಿ ಹಕ್ಕಿಗಳೂ ಸೊರಗಿದವು. ಗಂಡುಗಳ ಕೆಂಪು ಇಳಿದು ಮಾಸಲು ಕಂದಾಯಿತು. ಬೇಸಿಗೆಯಲ್ಲಿ ಅವು ಬಣ್ಣ ಬಿಡುತ್ತವೆಂದು ಮಾವನವರು ಹೇಳಿದರು, ಆದರೆ ಬರೀ ಬಣ್ಣದ ಮಾತಾಗಿರಲಿಲ್ಲ. ಪುಕ್ಕ ಉಬ್ಬಿಸಿಕೊಂಡು ಮೂಲೆಗೆ ಕೂತುಬಿಡುತ್ತಿದ್ದವು. ಕತ್ತಿನ ಹತ್ತಿರ ಬರೀ ಚರ್ಮ ಕಾಣುತ್ತಿತ್ತು. ಬಟ್ಟಲ ತುಂಬ ಕಾಳಿದ್ದರೂ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಅತ್ತೆ ಓಂಕಾಳಿನ ನೀರು ಕುಡಿಸಿದಳು. ಕಣ್ಣು ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿತೆಗೆದಳು. ನವಣೆಯನ್ನು ಇನ್ನೊಂದು ಸಲ ಕುಟ್ಟಿ ಇನ್ನಷ್ಟು ಹಸನು ಮಾಡಿದಳು. ಒಂದು ಬೆಳಿಗ್ಗೆ ಹೆಣ್ಣು ಹಕ್ಕಿಯೊಂದು ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು.

ಅತ್ತೆ ಅಂದು ಒಲೆ ಹಚ್ಚಲಿಲ್ಲ. ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಓಣಿಯಲ್ಲೆಲ್ಲ ಗುರುಗುಟ್ಟುತ್ತ ತಿರುಗುವ ಹೆಂಗಸು ಹಾಗೆ ಸುಮ್ಮನೆ ಕೂತದ್ದನ್ನು ಕಂಡು ನನಗೆ ಭಯವಾಯಿತು. ಪಂಚಮಿಗೆ ಇನ್ನೂ ಮೂರೂವರೆ ತಿಂಗಳಿತ್ತು. ಮಗಳು ಬಂದಾಗ ಬರೀ ಪಂಜರ ತೋರಿಸುವುದಾಗುತ್ತದೇನೋ ಎಂಬುದು ಆಕೆಯ ಮುಖದ ಮೇಲೆಯೇ ಇತ್ತು. ಸೆರಗಿನ ತುದಿಯಲ್ಲಿ ಹಕ್ಕಿಯನ್ನು ಕಟ್ಟಿಕೊಂಡು, ಬಾ ಅಂತ ನನ್ನನ್ನೂ ಕರೆದು, ಹೂಳುವುದಕ್ಕೆ ಕೆರೆಯ ಕಡೆ ಹೊರಟಳು.

ಕೆರೆ ಬತ್ತಿ ನಡುವೆ ಒಂದಿಷ್ಟು ನೀರು ಉಳಿದಿತ್ತು. ಅದರ ಸುತ್ತ ಜೊಂಡು, ಹಸಿ ಹುಲ್ಲು. ಹೂಳಿ ಮಣ್ಣು ಮುಚ್ಚಿ ಕೈ ತೊಳೆಯುವಾಗ ಆ ಹುಲ್ಲಿನಲ್ಲೇ ಚಿಲಿಪಿಲಿ ಕೇಳಿಸಿತು. ನಮ್ಮ ಪಂಜರದಲ್ಲಿದ್ದಂಥವೇ ರಾಟವಾಳಗಳು, ದೊಡ್ಡ ಹಿಂಡು. ಅವುಗಳ ಗಂಡುಗಳೂ ಬಣ್ಣ ಬಿಟ್ಟಿದ್ದವು, ಆದರೆ ಒಂದೂ ಪುಕ್ಕ ಉಬ್ಬಿಸಿ ಕೂತಿರಲಿಲ್ಲ. ಅತ್ತೆ ನನ್ನ ರಟ್ಟೆ ಹಿಡಿದು ಕೆಳಗೆ ಕೂರಿಸಿದಳು. ಬಿಸಿಲೇರಿತು, ನೆತ್ತಿ ಸುಟ್ಟಿತು, ನನಗೆ ಹಸಿವೆ, ಬಾಯಾರಿಕೆ. ಆಕೆ ಮಾತ್ರ ಎದ್ದರೆ ಕೇಳಿ.

ಆವತ್ತು ಆಕೆ ನೋಡಿದ್ದನ್ನೇ ನಾನೂ ನೋಡಿದೆ, ಆದರೆ ನನಗೆ ಕಂಡದ್ದು ಹಕ್ಕಿ, ಆಕೆಗೆ ಕಂಡದ್ದು ಊಟ. ಹುಲ್ಲಿನ ತೆನೆಗೆ ಜೋತುಬಿದ್ದು ಇನ್ನೂ ಹಾಲು ತುಂಬಿದ ಎಳೆ ಬೀಜ ತಿಂದವು. ಬಲಿತ ಬೀಜವನ್ನು ಸಿಪ್ಪೆಸಮೇತ ಬಾಯಿಗಿಟ್ಟುಕೊಂಡು ತಾವೇ ಸುಲಿದು ಉಗುಳಿದವು. ನೆಲಕ್ಕಿಳಿದು ಹಸಿ ಎಲೆ ಚಿವುಟಿದವು. ಜೊಂಡಿನ ಬುಡದಲ್ಲಿ ಏನೋ ಹುಳ ಹೆಕ್ಕಿದವು. ಕಡೆಗೆ ಬಂಡಿದಾರಿಗೆ ಬಂದು ಬರೀ ಹರಳನ್ನು ಕೊಕ್ಕಿನಿಂದ ಆರಿಸಿ ನುಂಗಿದವು. ಅದನ್ನು ಕಂಡಾಗ ಅತ್ತೆ ಹಣೆ ಹಣೆ ಬಡಿದುಕೊಂಡಳು.

"ಹಲ್ಲಿಲ್ಲದ ಜೀವಕ್ಕ ಕಲ್ಲಽ ಬೀಸೋಕಲ್ಲು. ನಾ ಅದನ್ನಽ ಆರಿಸಿ ಒಗದ್ನಿ. ನನ್ನ ಹಸನಽ ಅದನ್ನ ಕೊಂದೈತಿ ನೋಡು."

ಇದು ಆಕೆಗೆ ಯಾರೂ ಹೇಳಿಕೊಟ್ಟದ್ದಲ್ಲ. ಅಕ್ಷರ ಬಾರದವಳು, ಊರು ಬಿಟ್ಟು ಹೋದವಳಲ್ಲ. ನಾಲ್ಕು ತಾಸು ಬಿಸಿಲಲ್ಲಿ ಕೂತು ತನ್ನ ತಪ್ಪನ್ನು ತಾನೇ ಕಂಡುಕೊಂಡು, ಸಂಜೆಯಷ್ಟರಲ್ಲಿ ಅದನ್ನು ತಿದ್ದುವುದಕ್ಕೆ ಟೊಂಕಕಟ್ಟಿ ನಿಂತಳು. ಒಂದು ತಪ್ಪು ಒಪ್ಪಿಕೊಳ್ಳುವುದಕ್ಕೆ ಮಂದಿಗೆ ಒಂದು ಜನ್ಮ ಸಾಲದು, ಅಂಥದರಲ್ಲಿ ನಮ್ಮತ್ತೆ! ಆಕೆಯ ಮೇಲಿನ ನನ್ನ ಗೌರವ ಅಂದೇ ಸುರುವಾದದ್ದು, ಸಿಟ್ಟು ಇನ್ನೂ ಹೋಗಿರಲಿಲ್ಲ, ಅದು ಬೇರೆ.

ಬರುವಾಗ ಹಳ್ಳಕ್ಕೆ ಇಳಿದು ಸಣ್ಣ ಮರಳು ತುಂಬಿಕೊಂಡಳು. ಗುಬ್ಬಿಗಳು ಕುಕ್ಕುತ್ತಿದ್ದ, ಬಿದ್ದ ಗೋಡೆಯೊಂದರ ಹಳೇ ಸುಣ್ಣದ ಗಾರೆ ಎರಡು ಚೂರು ಕಿತ್ತುಕೊಂಡಳು. ಮನೆಗೆ ಬಂದು ಮರಳು ತೊಳೆದು ಒಣಗಿಸಿ, ಕುಟ್ಟದ ನವಣೆಗೆ ಒಂದು ಚಿಟಿಕೆ ಬೆರೆಸಿದಳು. ಕಟ್ಟೆಯ ಮೇಲೆ ಕೂತೇ ಬೆರೆಸಿದಳು, ಎಲ್ಲರೂ ನೋಡುವ ಹಾಗೆ. ಎದುರು ಮನೆಯಾಕೆ ಮಂದಿಯನ್ನು ಕರೆದು ಕರೆದು ತೋರಿಸಿದಳು, ಕಲ್ಲು ಆರಿಸುವಾಕೆ ಕಲ್ಲು ಬೆರೆಸುತ್ತಿದ್ದಾಳೆ ಬರ್ರಿ ಎಂದು. ಓಣಿಯಲ್ಲಿ ಎರಡು ದಿನ ಅದೇ ನಗೆ. ಅತ್ತೆ ಅದಕ್ಕೆಲ್ಲ ಸೊಪ್ಪು ಹಾಕುವಾಕೆಯಲ್ಲ.

ಅಲ್ಲಿಂದ ಮುಂದೆ ಆ ಮೂರು ಹಕ್ಕಿಗಳಿಗೆ ನಡೆದ ಉಪಚಾರ ಬಾಣಂತಿಗೂ ನಡೆಯುವುದಿಲ್ಲ. ಒಂದು ದಿನ ನವಣೆ ಸಾವೆ ಕೂಡಿಸಿ, ಮರುದಿನ ಬರಗು, ಅದರ ಮರುದಿನ ಸಜ್ಜೆಯನ್ನು ಒಡೆದು ನುಚ್ಚು ಮಾಡಿ. ಎಲ್ಲ ಒಟ್ಟಿಗೆ ಸುರಿದರೆ ರುಚಿಯಾದದ್ದನ್ನಷ್ಟೇ ಆರಿಸಿ ತಿಂದು ಮಿಕ್ಕಿದ್ದು ಬಿಡುತ್ತವೆ, ಅದಕ್ಕೇ ದಿನಕ್ಕೊಂದು. ಹೆಸರುಕಾಳು ಕಟ್ಟುವ ಹಾಗೆ ನವಣೆಯನ್ನು ಹಸಿಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಿಳಿ ಚುಕ್ಕೆಯಾಗಿ ಇಣುಕುತ್ತಿದ್ದಂತೆ ಕೊಡುತ್ತಿದ್ದಳು. ಬಿಸಿಲಿನ ದಿನ, ಮಧ್ಯಾಹ್ನದೊಳಗೆ ಉಳಿದದ್ದನ್ನು ತೆಗೆದು ಹಾಕುತ್ತಿದ್ದಳು, ಹುಳಿ ಬಂದದ್ದು ವಿಷವೆಂದು. ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹತ್ತರಕಿ ಸೊಪ್ಪಿನ ಎಳೆ ಎಲೆ ಸಿಕ್ಕರೆ ಮೊದಲು ಪಂಜರಕ್ಕೆ. ಸೌತೆಕಾಯಿಯ ಒಂದು ಬಿಲ್ಲೆ ಬಿದಿರ ಕಡ್ಡಿಗೆ ಚುಚ್ಚಿರುತ್ತಿತ್ತು. ಗಾರೆಯ ಚೂರು ಒಂದು ಮೂಲೆಗೆ, ಮರಳಿನ ಬಟ್ಟಲು ಇನ್ನೊಂದು ಮೂಲೆಗೆ. ಕೆರೆಯ ಹುಲ್ಲಿನ ಹಸಿ ತೆನೆ ತರುವ ಕೆಲಸ ನನಗೆ ಬಿತ್ತು.

ಒಂದು ಕೆಲಸವನ್ನು ಮಾತ್ರ ಅತ್ತೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ದಿನಾ ಸಂಜೆ ಬಟ್ಟಲು ಹೊರತೆಗೆದು ಮೆಲ್ಲಗೆ ಊದುತ್ತಿದ್ದಳು. ಒಮ್ಮೆ ನಾನು ಬಟ್ಟಲು ನೋಡಿ, ಇನ್ನೂ ತುಂಬಿದೆ, ಇವತ್ತು ಹಾಕುವುದು ಬೇಡ ಎಂದೆ. ಆಕೆ ಊದಿದಳು. ಮೇಲಿನ ಹೊಟ್ಟೆಲ್ಲ ಹಾರಿಹೋಗಿ ತಳದಲ್ಲಿ ನಾಲ್ಕು ಕಾಳು ಉಳಿದವು.

"ತುಂಬಿದ ಬಟ್ಟಲಾ ನೋಡಿ ಮೋಸ ಹೋಗಬಾರದು ತಂಗಿ. ಊದಿ ನೋಡಬೇಕು. ಮ್ಯಾಲಿಂದ ಬರೇ ಹೊಟ್ಟಿರ್ತೈತಿ."

ಹೀಗಂದು ನನ್ನ ಕೈಯ ಬಳೆಯ ಕಡೆ ಒಮ್ಮೆ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

ಮರುದಿನ ನನ್ನ ಗಂಗಾಳದಲ್ಲಿ ರೊಟ್ಟಿಯಿರಲಿಲ್ಲ. ಹಬೆಯಾಡುವ ನವಣಕ್ಕಿ ಅನ್ನ, ಮೇಲೆ ಎಮ್ಮೆಯ ತುಪ್ಪ, ಪಕ್ಕದಲ್ಲಿ ಬೇಳೆಸಾರು. ಹಕ್ಕಿಗೆಂದು ಕುಟ್ಟಿ ಕುಟ್ಟಿ ಹಸನು ಮಾಡಿಟ್ಟ ನವಣಕ್ಕಿ ಗಡಿಗೆ ತುಂಬ ಉಳಿದಿತ್ತಲ್ಲ, ಅದೇ. ನನಗೆ ಸಿಟ್ಟು ನೆತ್ತಿಗೇರಿತು. ಹಕ್ಕಿ ಬಿಟ್ಟದ್ದು ಸೊಸೆಗೆ, ಇಷ್ಟೇ ನನ್ನ ಬೆಲೆ ಎಂದು ಕಣ್ಣಲ್ಲಿ ನೀರು ಬಂತು. ಆದರೆ ಹಸಿವೆಗೆ ಮಾನವಿಲ್ಲ, ಅಳುತ್ತಲೇ ಒಂದು ತುತ್ತು ಇಟ್ಟೆ. ತವರು ಬಿಟ್ಟಮೇಲೆ ಗಂಟಲಲ್ಲಿ ತಡೆಯದೆ ಇಳಿದ ಮೊದಲ ತುತ್ತು ಅದು. ಗಂಗಾಳ ಖಾಲಿಯಾಯಿತು. ಅತ್ತೆ ಇನ್ನೊಂದು ಸೌಟು ಬಡಿಸಿದಳು.

ಆಮೇಲೆ ನನ್ನ ಗಂಗಾಳವೂ ದಿನಕ್ಕೊಂದು ಬಗೆಯಾಯಿತು. ಒಂದು ದಿನ ಜೋಳದ ನುಚ್ಚಿಗೆ ಮಜ್ಜಿಗೆ. ಒಂದು ದಿನ ಸಜ್ಜೆಯ ರೊಟ್ಟಿಗೆ ಬೆಣ್ಣೆ, ಅದೂ ಖಡಕ್ ಅಲ್ಲ, ಹಂಚಿನಿಂದ ಇಳಿಸಿದ ಮೆತ್ತನೆಯದು. ಮೊಳಕೆ ಕಾಳಿನ ಪಲ್ಯ. ಹತ್ತರಕಿ ಮೊಸರು. ಜೋಳದ ರೊಟ್ಟಿಯನ್ನು ಮೊದಲು ಕಾಲು, ಆಮೇಲೆ ಅರ್ಧ, ಹೀಗೆ ನನಗೇ ಗೊತ್ತಾಗದಂತೆ ಒಳಗೆ ತಂದಳು. ಆಗ ಅದು ನನಗೆ ಉಪಚಾರವೆಂದು ಹೊಳೆಯಲಿಲ್ಲ. ಹಕ್ಕಿಗೆ ಮಾಡಿದ್ದರಲ್ಲಿ ಮಿಕ್ಕಿದ್ದೆಲ್ಲ ನನ್ನ ಪಾಲಿಗೆ ಬರುತ್ತಿದೆ ಎಂದೇ ತಿಳಿದಿದ್ದೆ. ಎಮ್ಮೆ ಮಾತ್ರ ಬಾನಿಯ ಹತ್ತಿರ ನನ್ನನ್ನು ಕಂಡು ಕಂಡು ನಿರಾಶೆಗೊಳ್ಳುತ್ತಿತ್ತು.

ಉಳಿದ ಒಂದು ತೊಡಕೆಂದರೆ ಹುಳ. ಕೆರೆಯ ಹಕ್ಕಿ ಹುಳ ತಿಂದದ್ದನ್ನು ಆಕೆ ಕಂಡಿದ್ದಳು. ನಮ್ಮದು ಲಿಂಗ ಕಟ್ಟಿದ ಮನೆ, ಇರುವೆಯನ್ನೂ ಊದಿ ಸರಿಸುವವರು. ಹುಳ ಹಿಡಿದು ಕೊಡುವುದು ಆಗದ ಮಾತು, ಕೊಡದಿದ್ದರೆ ಹಕ್ಕಿಗೆ ಪುಕ್ಕ ಬರುವುದಿಲ್ಲ. ಇದನ್ನು ಎಷ್ಟೋ ದಿನ ಮನಸ್ಸಿನಲ್ಲೇ ಅರೆದಳು. ಮಿರಗದ ಮೊದಲ ಮಳೆ ಬಿದ್ದು ನಿಂತ ಸಂಜೆ, ಇನ್ನೂ ಬೆಳಕಿರುವಾಗಲೇ, ಕಟ್ಟೆಯ ಮೇಲೆ ಕಂದೀಲು ಹಚ್ಚಿಟ್ಟು ಅದರ ಪಕ್ಕಕ್ಕೆ ಪಂಜರ ತಂದಿಟ್ಟಳು. ನೆಲದಿಂದ ರೆಕ್ಕೆಯ ಮಳೆಹುಳ ಎದ್ದು ದೀಪಕ್ಕೆ ಬಂದವು, ಹಾಗೇ ಪಂಜರದೊಳಕ್ಕೂ ನುಗ್ಗಿದವು. ಮೂರೂ ಹಕ್ಕಿ ಹಾರಿ ಹಾರಿ ತಿಂದವು. ಮಾವನವರು ಅಂಗಡಿಯಿಂದ ಬಂದವರು ನಿಂತು ನೋಡಿ, ನಮ್ಮ ಮನೆಯಲ್ಲಿ ಕಡೆಗೂ ಮಾಂಸದೂಟ ಸುರುವಾಯಿತು ಎಂದು ನಕ್ಕರು. ದೀಪ ಹಚ್ಚುವುದು ತನ್ನ ಕೆಲಸ, ಬರುವುದು ಅವುಗಳ ಕೆಲಸ, ತಿನ್ನುವುದು ಇವುಗಳ ಕೆಲಸ, ಇದರಲ್ಲಿ ತಾನೆಲ್ಲಿ ಬಂದೆ ಎಂದು ಅತ್ತೆ ಕೇಳಿದಳು. ಮಾವನವರು ನಗುತ್ತಲೇ ಕಾಲು ತೊಳೆಯಲು ಹೋದರು.

ಮಳೆ ಹಿಡಿಯಿತು. ಕತ್ತಿನ ಬೋಳು ಮುಚ್ಚಿತು. ಗಂಡಿನ ಎದೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿದ ದಿನ ಅತ್ತೆ ನನ್ನನ್ನು ಬಚ್ಚಲಿಂದ ಕೂಗಿ ಕರೆದು ತೋರಿಸಿದಳು. ಚುಕ್ಕೆ ಎರಡಾಯಿತು, ಹರಡಿತು. ಆಷಾಢ ಮುಗಿಯುವಷ್ಟರಲ್ಲಿ ಎರಡೂ ಗಂಡುಗಳು ಮೈತುಂಬ ಕೆಂಪಾಗಿ, ಬೆಳಗಾದರೆ ಕೊರಳೆತ್ತಿ ಹಾಡತೊಡಗಿದವು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಉಣ್ಣಿಸುವುದನ್ನು ಬಲ್ಲವಳನ್ನು ಹೊಗಳುವ ಗಾದೆ ನಮ್ಮಲ್ಲಿ ಯಾಕಿಲ್ಲವೋ ನನಗೆ ತಿಳಿಯದು.

ಪಂಚಮಿಗೆ ಮೂರು ದಿನ ಮುಂಚೆ ಯಲಬುರ್ಗಾದಿಂದ ನಾದಿನಿ ಬಂದಳು. ಅದೇ ದಿನ ನನ್ನನ್ನು ಕರೆದೊಯ್ಯಲು ತವರಿನಿಂದ ನನ್ನಣ್ಣನೂ ಬಂದ. ಬಂಡಿಯಿಂದ ಇಳಿದವಳೇ ಆಕೆ ಕಾಲಿಗೆ ನೀರೂ ಹಾಕಿಕೊಳ್ಳದೆ ಪಂಜರದ ಹತ್ತಿರ ಓಡಿದಳು. ಕೆಂಪಗೆ ಹಾರಾಡುವುದನ್ನು ಕಂಡು ನಕ್ಕಳು. ಆಮೇಲೆ ಎಣಿಸಿದಳು, ನಗೆ ನಿಂತಿತು. ನಾನು ಏನಾದರೂ ಸುಳ್ಳು ಹೇಳಿ ಅತ್ತೆಯನ್ನು ಪಾರುಮಾಡಬೇಕೆಂದಿದ್ದೆ. ಆಕೆ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಒಂದು ತನ್ನ ಕೈಯಲ್ಲಿ ಸತ್ತಿತು, ತನಗೆ ಉಣ್ಣಿಸಲು ಬರಲಿಲ್ಲ, ಆಮೇಲೆ ಕಲಿತೆ ಎಂದು ನೇರವಾಗಿ ಹೇಳಿ, ಮಗಳ ಮುಂದೆ ತಲೆ ತಗ್ಗಿಸಿ ನಿಂತಳು. ಮಗಳು ಅವ್ವನ ಕೈ ಹಿಡಿದುಕೊಂಡಳು. ಅತ್ತಳು, ಆದರೆ ದೂರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಬಂಡಿ ಸಿದ್ಧವಾಯಿತು. ಶೇಂಗಾ ಉಂಡಿ, ಎಳ್ಳಿನ ಉಂಡಿ, ಜೋಳದ ಅರಳು ಎಲ್ಲ ಕಟ್ಟಿದ ಬುತ್ತಿಯ ಜೊತೆ ಅತ್ತೆ ಒಂದು ಗಂಟು ನವಣಕ್ಕಿಯನ್ನೂ ಇಟ್ಟಳು. ಅಕ್ಕಿಯ ಸೀಮೆಗೆ ನವಣಕ್ಕಿ ಯಾಕೆಂದು ನಾನು ಮೂಗು ಮುರಿದೆ. ನಾದಿನಿ ಹೊಸ್ತಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. ಹಂದರದಲ್ಲಿ ನೋಡಿದ ವೈನಿ ಇವಳಲ್ಲ, ಬಳೆ ಕೈಗೆ ಬಿಗಿಯಾಗಿವೆ, ನನ್ನ ಹಕ್ಕಿಗಿಂತ ಇವಳಿಗೇ ಹೆಚ್ಚು ತಿನ್ನಿಸಿದ್ದೀ ಎಂದು ಅವ್ವನನ್ನು ಕೆಣಕಿದಳು. ಅತ್ತೆ ನಗಲಿಲ್ಲ. ನನ್ನ ಸೆರಗನ್ನು ತಲೆಯ ಮೇಲೆ ಸರಿಮಾಡಿ, ಮಗಳಿಗೆ ಹೇಳಿದಳು.

"ಹಕ್ಕಿ ನೀ ಬಿಟ್ಟು ಹೋಗಿದ್ದಿ. ಇಕಿನ್ನ ಇವರವ್ವ ನನ್ನ ಕೈಯಾಗ ಬಿಟ್ಟಾಳ. ಆಕಿನೂ ಪಂಚಮಿ ದಾರಿ ಕಾಯಾಕತ್ತಿರ್ತಾಳಲ್ಲ."

ಎಮ್ಮೆಯ ಬಾನಿ, ಬಳೆಯ ಮೇಲೆ ಬಿದ್ದ ಆ ಕಣ್ಣು, ಅಳುತ್ತ ಉಂಡ ಆ ಮೊದಲ ತುತ್ತು ಎಲ್ಲ ಒಟ್ಟಿಗೆ ನೆನಪಾದವು. ಕಾಲಿಗೆ ಬೀಳಲು ಬಗ್ಗಿದವಳು ಏಳಲೇ ಇಲ್ಲ, ಆಕೆಯ ಪಾದ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಆಕೆ ನನ್ನನ್ನು ಎಬ್ಬಿಸಿ, ಹೊತ್ತಾಯಿತು ಹೋಗು, ಎತ್ತುಗಳು ಕಾಯುತ್ತಿವೆ ಎಂದಳು.

ಗಂಗಾವತಿಯ ಹೊಳೆದಂಡೆಯಲ್ಲಿ ನಮ್ಮವ್ವ ನನ್ನ ತೋಳು ಮುಟ್ಟಿ ಮುಟ್ಟಿ ನೋಡಿದಳು, ಕೆನ್ನೆ ಹಿಂಡಿದಳು, ಕಡೆಗೆ ಸಮಾಧಾನದಿಂದ ಎದುರಿಗೆ ಕೂತು ಬಾಳೆಎಲೆಯ ತುಂಬ ಬಿಳಿ ಅನ್ನ ಬಡಿಸಿದಳು. ಆರು ತಿಂಗಳು ಕನಸಿನಲ್ಲಿ ಕಂಡ ಅನ್ನ ಅದು. ಎರಡು ದಿನ ಆಸೆಯಿಂದ ಉಂಡೆ. ಮೂರನೆಯ ದಿನ ಗಂಟು ಬಿಚ್ಚಿ, ಸ್ವಲ್ಪ ನವಣಕ್ಕಿ ಬೇಯಿಸಿ ಕೊಡು ಅಂತ ಅವ್ವನನ್ನು ಕೇಳಿದೆ.